ನಮ್ಮ ಮನೆವಾರ್ತೆಯಲ್ಲಿ ಹಳೆಯ ವಸ್ತುಗಳ ಮರುಬಾಳು

ಚರಿತ್ರೆಯೆಂದರೆ ಅರಸುಮನೆತನಗಳ ವಂಶಾವಳಿ, ಕಾಳಗಗಳ ವರ್ಣನೆ, ದತ್ತಿಶಾಸನಗಳ ಕಾಲನಿರ್ಣಯ, ಇಷ್ಟೇ ಎಂಬ ಭಾವನೆ ನಮ್ಮಲ್ಲಿ ಬಹುಕಾಲದಿಂದ ಬೇರೂರಿರುವುದು. ಆದರೆ ಅರಸನ ಬೊಕ್ಕಸಕ್ಕೆ ಚರಿತ್ರೆಯಿರುವಂತೆ ಒಕ್ಕಲಿನ ಮನೆಯ ಗುಡಾಣಕ್ಕೂ ಒಂದು ಚರಿತ್ರೆಯುಂಟು. ಹರಿದ ಸೀರೆ ಏನಾಗುತ್ತಿದ್ದಿತು, ಅಕ್ಕಿ ತೊಳೆದ ನೀರು ಎಲ್ಲಿಗೆ ಹೋಗುತ್ತಿದ್ದಿತು, ಒಲೆಯ ಬೂದಿಯನ್ನು ಯಾರು ಯಾವುದಕ್ಕೆ ಬಳಸುತ್ತಿದ್ದರು ಎಂಬ ಪ್ರಶ್ನೆಗಳು ಮೇಲುನೋಟಕ್ಕೆ ಅಲ್ಪವಾಗಿ ಕಂಡರೂ, ಒಂದು ಜನಾಂಗವು ತನ್ನ ದುಡಿಮೆಯ ಫಲವನ್ನು ಎಷ್ಟು ಗೌರವದಿಂದ ಕಂಡಿತು ಎಂಬುದನ್ನು ಅವು ತಿಳಿಸುತ್ತವೆ. ಈ ಪ್ರಶ್ನೆಗಳಿಗೆ ಉತ್ತರವು ನಮ್ಮ ಪ್ರಾಚೀನ ಗ್ರಂಥಗಳಲ್ಲಿ ಅಲ್ಲಲ್ಲಿ ಚೆದರಿ ಬಿದ್ದಿರುವುದು. ಉಳಿದುದು ಮನೆಮನೆಯ ರೂಢಿಯಲ್ಲಿಯೂ ಕನ್ನಡದ ಶಬ್ದಗಳಲ್ಲಿಯೂ ನಿಂತಿರುವುದು. ಅವೆಲ್ಲವನ್ನೂ ಒಂದೆಡೆ ಕೂಡಿಸಿ, ನಮ್ಮ ಮನೆವಾರ್ತೆಯಲ್ಲಿ ಮಿತವ್ಯಯವು ಯಾವ ರೂಪದಲ್ಲಿ ನೆಲೆಸಿದ್ದಿತು, ಅದರ ಗುಣವೇನು, ಕೊರತೆಯೇನು ಎಂಬುದನ್ನು ವಾಚಕರ ಮುಂದಿಡುವುದು ಪ್ರಕೃತ ಲೇಖನದ ಉದ್ದೇಶ.

ಮೊದಲಿಗೇ ಒಂದು ಭೇದವನ್ನು ಗುರುತಿಸಿಕೊಳ್ಳುವುದು ಒಳ್ಳೆಯದು. ಜಿಪುಣನು ವಸ್ತುವನ್ನು ಬಳಸದೆ ಬಚ್ಚಿಡುವನು. ದುಂದುಗಾರನು ಅದರ ಉಪಯೋಗ ತೀರುವುದಕ್ಕೆ ಮುಂಚೆಯೇ ಬಿಸುಡುವನು. ಮಿತವ್ಯಯವನ್ನು ಬಲ್ಲವನು ಅದರಿಂದ ಆಗತಕ್ಕ ಕೆಲಸವೆಲ್ಲ ಆಗುವವರೆಗೆ ಅದನ್ನು ದುಡಿಸುವನು. ಮೊದಲಿನ ಇಬ್ಬರಿಗೂ ವಸ್ತುವಿನ ಗುಣ ತಿಳಿಯದು. ಮೂರನೆಯವನಿಗೆ ಮಾತ್ರ ಅದರ ಆಯುಸ್ಸೂ ಅವಸ್ಥೆಗಳೂ ತಿಳಿದಿರುವುವು. ಆದಕಾರಣ ಮಿತವ್ಯಯವು ಮನಸ್ಸಿನ ಗುಣವಾಗಿರುವಂತೆಯೇ ಒಂದು ಬಗೆಯ ವಿದ್ಯೆಯೂ ಆಗಿರುವುದು. ನಮ್ಮ ಹಿಂದಿನವರು ಇದನ್ನು ವಿದ್ಯೆಯೆಂದೇ ಎಣಿಸಿ ಶಾಸ್ತ್ರಗ್ರಂಥಗಳಲ್ಲಿ ಬರೆದಿಟ್ಟರು.

ಇಂಥ ಗ್ರಂಥಗಳಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಮೊದಲು ಹೇಳಬೇಕು. ಹೆಸರು ಮಾತ್ರ ಉಳಿದು ಮರೆಯಾಗಿದ್ದ ಈ ಗ್ರಂಥದ ಓಲೆಯ ಪ್ರತಿಯನ್ನು ೧೯೦೫ರಲ್ಲಿ ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ ಗುರುತಿಸಿ, ೧೯೦೯ರಲ್ಲಿ ಅಚ್ಚುಹಾಕಿಸಿದವರು ರುದ್ರಪಟ್ಟಣದ ಶಾಮಶಾಸ್ತ್ರಿಗಳು ಎಂಬುದು ಕನ್ನಡಿಗರು ಹೆಮ್ಮೆಪಡತಕ್ಕ ಸಂಗತಿ. ಇದರ ಎರಡನೆಯ ಅಧಿಕರಣದಲ್ಲಿ ಕೋಷ್ಠಾಗಾರಾಧ್ಯಕ್ಷ, ಎಂದರೆ ಉಗ್ರಾಣದ ಅಧಿಕಾರಿ, ಮಾಡತಕ್ಕ ಕೆಲಸಗಳನ್ನು ಹೇಳುವ ಅಧ್ಯಾಯವೊಂದಿರುವುದು. ಯಾವ ಧಾನ್ಯವನ್ನು ಕುಟ್ಟಿದರೆ ಎಷ್ಟು ತಿರುಳು ಉಳಿಯುವುದು, ಯಾವುದು ಬೆಂದಾಗ ಎಷ್ಟು ಹಿಗ್ಗುವುದು, ಯಾವ ಬೀಜದಿಂದ ಎಷ್ಟು ಎಣ್ಣೆ ಇಳಿಯುವುದು ಎಂಬ ಲೆಕ್ಕಗಳು ಅಲ್ಲಿವೆ. ಉಗ್ರಾಣಕ್ಕೆ ಬಂದುದರಲ್ಲಿ ಅರ್ಧವನ್ನು ನಾಡಿನ ಜನರ ಆಪತ್ತಿಗೆಂದು ತೆಗೆದಿರಿಸಿ, ಉಳಿದರ್ಧವನ್ನೇ ಬಳಸಬೇಕೆಂದೂ, ಹೊಸದು ಬಂದಾಗ ಹಳೆಯದನ್ನು ತೆಗೆದು ಅದರ ಸ್ಥಾನದಲ್ಲಿ ಇದನ್ನು ತುಂಬಬೇಕೆಂದೂ ವಿಧಿಯಿರುವುದು. ಕಟ್ಟಕಡೆಗೆ, ಸಾಮಾನ್ಯನು ತಿಪ್ಪೆಗೆ ಸುರಿಯುವ ಪದಾರ್ಥಗಳ ಸರದಿ ಬರುತ್ತದೆ. ಇದ್ದಲನ್ನೂ ಹೊಟ್ಟನ್ನೂ ಲೋಹದ ಕೆಲಸದವರಿಗೂ ಗೋಡೆ ಮೆತ್ತುವವರಿಗೂ ಒಪ್ಪಿಸಬೇಕು. ನುಚ್ಚನ್ನು ದಾಸರಿಗೂ ಕೂಲಿಯವರಿಗೂ ಅಡುಗೆಯ ಆಳುಗಳಿಗೂ ಕೊಡಬೇಕು. ಸಾಮ್ರಾಜ್ಯದ ಆಡಳಿತವನ್ನು ಬರೆಯಹೊರಟ ಗ್ರಂಥಕಾರನು ಭತ್ತದ ಹೊಟ್ಟನ್ನು ಮರೆಯಲಿಲ್ಲವೆಂಬುದು ಗಮನಿಸತಕ್ಕ ಮಾತು.

ಅರಮನೆಯ ಉಗ್ರಾಣದಿಂದ ಗೃಹಸ್ಥನ ಮನೆಗೆ ಬಂದರೆ ನಮಗೆ ದೊರೆಯುವ ಆಧಾರವು ವಾತ್ಸ್ಯಾಯನನ ಕಾಮಸೂತ್ರ. ಹೆಸರು ಕೇಳಿದೊಡನೆ ಹುಬ್ಬುಗಂಟಿಕ್ಕುವ ವಾಚಕರು ಅದರ ನಾಲ್ಕನೆಯದಾದ ಭಾರ್ಯಾಧಿಕಾರಿಕವೆಂಬ ಅಧಿಕರಣವನ್ನು ನೋಡಿದರೆ ಆಶ್ಚರ್ಯಪಡುವರು. ಕ್ರಿ. ಶ. ಮೂರನೆಯ ಶತಮಾನದ ಸುಮಾರಿಗೆ ಸೇರಿದುದೆಂದು ವಿದ್ವಾಂಸರು ಎಣಿಸುವ ಈ ಗ್ರಂಥದ ಆ ಭಾಗವು ಒಂದು ಅಚ್ಚುಕಟ್ಟಾದ ಗೃಹಕೃತ್ಯದ ಕೈಪಿಡಿಯಂತಿರುವುದು. ಮನೆಯೊಡತಿಯು ವರ್ಷದ ಆದಾಯವನ್ನು ಮೊದಲು ಎಣಿಸಿ, ಅದಕ್ಕೆ ತಕ್ಕಂತೆ ವೆಚ್ಚಮಾಡಬೇಕು. ಮಣ್ಣು, ಬಿದಿರು, ಮರ, ತೊಗಲು, ಲೋಹಗಳ ಪಾತ್ರೆಪದಾರ್ಥಗಳನ್ನು ಬೆಲೆ ಇಳಿದ ಕಾಲವನ್ನು ನೋಡಿ ಕೊಂಡಿಟ್ಟುಕೊಳ್ಳಬೇಕು. ಮೂಲಂಗಿ, ಸೌತೆ, ಬದನೆ, ಕುಂಬಳ, ಸೋರೆ ಮೊದಲಾದವುಗಳ ಬೀಜವನ್ನು ಸಕಾಲದಲ್ಲಿ ತೆಗೆದಿಟ್ಟು ಸಕಾಲದಲ್ಲಿ ಬಿತ್ತಬೇಕು. ಉಂಡು ಮಿಕ್ಕ ಹಾಲಿನಿಂದ ತುಪ್ಪವನ್ನು ಮಾಡಬೇಕು, ಹತ್ತಿಯನ್ನು ನೂಲಬೇಕು, ನೆಲುವು, ಹಗ್ಗ, ನಾರುಗಳನ್ನು ಕೂಡಿಹಾಕಬೇಕು. ಅನ್ನದ ಗಂಜಿ, ತೌಡು, ಹೊಟ್ಟು, ನುಚ್ಚು, ಇದ್ದಲು, ಇವೆಲ್ಲವನ್ನೂ ಉಪಯೋಗಕ್ಕೆ ಹಚ್ಚಬೇಕು. ಉಟ್ಟು ಹಳತಾದ ಬಟ್ಟೆಗಳನ್ನು ಕೂಡಿಸಿ, ಒಗೆಸಿಯೋ ಬಣ್ಣ ಹಾಕಿಸಿಯೋ, ಚೆನ್ನಾಗಿ ಕೆಲಸಮಾಡಿದ ಪರಿಚಾರಕರಿಗೆ ಮನ್ನಣೆಯ ಕುರುಹಾಗಿ ಕೊಡಬೇಕು. ಇಲ್ಲವೆ ಬೇರೆ ಕೆಲಸಕ್ಕೆ ಬಳಸಬೇಕು. ಹದಿನೇಳು ಶತಮಾನಗಳ ಹಿಂದಿನ ಈ ವಿಧಿಗಳಲ್ಲಿ ನಮ್ಮ ಅಜ್ಜಿಯರಿಗೆ ಅಪರಿಚಿತವೆನ್ನಿಸಬಹುದಾದುದು ಬಹಳವಿಲ್ಲ.

ಕೌಟಿಲ್ಯನದು ಅಧಿಕಾರಿಯ ದೃಷ್ಟಿ, ವಾತ್ಸ್ಯಾಯನನದು ಗೃಹಸ್ಥನ ದೃಷ್ಟಿ. ಮನೆಯನ್ನೇ ಬಿಟ್ಟ ಭಿಕ್ಷುಗಳ ದೃಷ್ಟಿ ಇನ್ನೊಂದು ಬಗೆಯದು. ಬೌದ್ಧರ ವಿನಯಪಿಟಕಕ್ಕೆ ಸೇರಿದ ಚುಲ್ಲವಗ್ಗದಲ್ಲಿ ಒಂದು ಪ್ರಸಂಗವಿರುವುದು. ಕೌಶಾಂಬಿಯ ಅರಸ ಉದಯನ, ಸಂಸ್ಕೃತ ನಾಟಕಗಳನ್ನೋದಿದವರಿಗೆ ವತ್ಸರಾಜನೆಂದು ಚಿರಪರಿಚಿತನಾದವನು. ಅವನ ರಾಣಿಯರು ಆನಂದನ ಉಪದೇಶವನ್ನು ಕೇಳಿ ಸಂತೋಷಪಟ್ಟು ಆತನಿಗೆ ಐದುನೂರು ಉತ್ತರೀಯಗಳನ್ನು ಕಾಣಿಕೆಯಾಗಿ ಕೊಟ್ಟರು. ಇಷ್ಟೊಂದು ಬಟ್ಟೆಯನ್ನು ತೆಗೆದುಕೊಂಡ ಸನ್ಯಾಸಿಯು ಬಟ್ಟೆಯಂಗಡಿಯನ್ನು ಇಡುವನೋ ಎಂದು ಅರಸನಿಗೆ ಅಸಮಾಧಾನವಾಯಿತು. ಆತನು ತಾನೇ ಹೋಗಿ ಆನಂದನನ್ನು ಪ್ರಶ್ನಿಸಿದನು. ಹೊಸ ಬಟ್ಟೆಗಳನ್ನು, ಉಟ್ಟುದು ಜೀರ್ಣವಾದ ಭಿಕ್ಷುಗಳಿಗೆ ಹಂಚುವೆನೆಂದು ಆನಂದನು ಹೇಳಿದನು. ಹಾಗಾದರೆ ಜೀರ್ಣವಾದುವು ಏನಾಗುವುವು? ಅವು ಹಾಸಿಗೆಯ ಮೇಲುಹೊದಿಕೆಗಳಾಗುವುವು. ಹಳೆಯ ಮೇಲುಹೊದಿಕೆಗಳು ದಿಂಡಿನ ಚೀಲಗಳಾಗುವುವು. ಹಳೆಯ ಚೀಲಗಳು ನೆಲದ ಹಾಸುಗಳು. ಹಳೆಯ ಹಾಸುಗಳು ಕಾಲೊರಸುಗಳು. ಹಳೆಯ ಕಾಲೊರಸುಗಳು ಧೂಳು ಝಾಡಿಸುವ ಬಟ್ಟೆಗಳು. ಆ ಧೂಳಿನ ಬಟ್ಟೆಗಳೂ ಸವೆದುಹೋದಮೇಲೆ ಅವನ್ನು ಚೂರುಚೂರು ಮಾಡಿ ಮಣ್ಣಿನಲ್ಲಿ ಕಲಸಿ ನೆಲಕ್ಕೆ ಮೆತ್ತುವರು. ಈ ಉತ್ತರದಿಂದ ಪ್ರಸನ್ನನಾದ ಅರಸನು ಇನ್ನೈದುನೂರು ಬಟ್ಟೆಗಳನ್ನು ತಾನೇ ಕೊಟ್ಟನು.

ಇದರಲ್ಲಿ ಮಿತವ್ಯಯದ ಸಾರವೆಲ್ಲ ಅಡಗಿರುವುದು. ಒಂದು ಅರಿವೆಗೆ ಆರೇಳು ಅವಸ್ಥೆಗಳು; ಪ್ರತಿಯೊಂದು ಅವಸ್ಥೆಯಲ್ಲಿಯೂ ಅದಕ್ಕೊಂದು ಹೆಸರು, ಒಂದು ಕೆಲಸ; ಕೊನೆಯಲ್ಲಿ ಮಣ್ಣಿನೊಡನೆ ಮಣ್ಣಾಗಿ ಹೋಗುವುದು. ಅದು ಪರರು ಕೊಟ್ಟ ವಸ್ತು. ಕೊಟ್ಟವರಿಗೆ ಲೆಕ್ಕವೊಪ್ಪಿಸಬೇಕೆಂಬ ಹೊಣೆಯರಿವು ಆ ಕ್ರಮದ ಬೆನ್ನಿಗಿರುವುದು. ಆನಂದನ ಹೆಸರಿನೊಡನೆಯೇ ಸೇರಿದ ಇನ್ನೊಂದು ಸಂಗತಿಯೂ ಇಲ್ಲಿ ಹೇಳತಕ್ಕದ್ದು. ಮಗಧದ ಗದ್ದೆಗಳು ಬದುಗಳಿಂದ ಚೌಕಚೌಕವಾಗಿ ಒಪ್ಪಿದ್ದುದನ್ನು ತೋರಿಸಿ, ಅಂಥ ಮಾದರಿಯಲ್ಲಿ ಚೀವರವನ್ನು ಹೊಲಿಯಲಾದೀತೇ ಎಂದು ಬುದ್ಧನು ಕೇಳಿದನೆಂದೂ, ಆನಂದನು ತುಂಡುಗಳನ್ನು ಜೋಡಿಸಿ ಹಾಗೆಯೇ ಮಾಡಿಸಿದನೆಂದೂ ಮಹಾವಗ್ಗವು ತಿಳಿಸುವುದು. ತೇಪೆಯ ಬಟ್ಟೆಯು ಬಡತನದ ಗುರುತಾಗದೆ ಒಂದು ಸಂಘದ ಗೌರವದ ಉಡುಪಾಯಿತು.

ಇನ್ನು ಕನ್ನಡ ನಾಡಿನ ಕಡೆ ತಿರುಗೋಣ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬಸವಣ್ಣನವರ ಮಹಾಮನೆಯ ಸುತ್ತ ನೆರೆದ ಶರಣರಲ್ಲಿ ಆಯ್ದಕ್ಕಿ ಮಾರಯ್ಯ, ಆತನ ಸತಿ ಲಕ್ಕಮ್ಮ ಎಂಬ ದಂಪತಿಗಳ ಸ್ಥಾನವು ವಿಶಿಷ್ಟವಾದುದು. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು, ಅದರಿಂದಲೇ ದಾಸೋಹವನ್ನು ನಡೆಸುವುದು ಮಾರಯ್ಯನ ಕಾಯಕ. ಬೇರೆಯವರು ಕಾಲಡಿಯಲ್ಲಿ ತುಳಿದು ಹೋಗುವ ಕಾಳು ಈತನ ಕೈಯಲ್ಲಿ ಪ್ರಸಾದವಾಗುತ್ತಿದ್ದಿತು. ಒಂದು ದಿನ ಆತನು ಎಂದಿಗಿಂತ ಹೆಚ್ಚಾಗಿ ಅಕ್ಕಿಯನ್ನು ತಂದನು. ಸಾಮಾನ್ಯಳಾದ ಗೃಹಿಣಿಯು ಹಿಗ್ಗಿ, ನಾಳೆಗೆ ಆಯಿತೆಂದು ಮಡಕೆಗೆ ತುಂಬುತ್ತಿದ್ದಳು. ಲಕ್ಕಮ್ಮನು ಹಾಗೆ ಮಾಡಲಿಲ್ಲ. ನಮಗೆ ಬೇಕಾದುದು ಇಷ್ಟೇ, ಇದಕ್ಕೆ ಮಿಗಿಲಾದುದು ಆಸೆ ಎಂದು ತಿಳಿಯಹೇಳಿ, ಹೆಚ್ಚಾದ ಅಕ್ಕಿಯನ್ನು ತಂದಲ್ಲಿಗೇ ಹಿಂದಿರುಗಿಸಿದಳು.

ಈ ಪ್ರಸಂಗವನ್ನು ಭಕ್ತಿಯ ದೃಷ್ಟಿಯಿಂದ ಬಹುಜನರು ವಿವರಿಸಿರುವರು. ಮನೆವಾರ್ತೆಯ ದೃಷ್ಟಿಯಿಂದಲೂ ಇದನ್ನು ನೋಡತಕ್ಕದ್ದಿರುವುದು. ಬಿದ್ದ ಕಾಳನ್ನು ಆಯುವ ಕೈಗೆ ಮಿತವ್ಯಯವೂ ಬರಬಹುದು, ಲೋಭವೂ ಬರಬಹುದು. ಅವೆರಡರ ನಡುವೆ ಗೆರೆಯೆಳೆಯುವುದು ಅಗತ್ಯವೆಷ್ಟು ಎಂಬ ಅರಿವು. ಲಕ್ಕಮ್ಮನು ಆ ಗೆರೆಯನ್ನು ತಾನೇ ಎಳೆದಳು. ವಾತ್ಸ್ಯಾಯನನ ಗೃಹಿಣಿಯು ಹಳೆಯ ಬಟ್ಟೆಯನ್ನು ಆಳಿಗೆ ಕೊಡುವಳು; ಕೌಟಿಲ್ಯನ ಅಧಿಕಾರಿಯು ನುಚ್ಚನ್ನು ದಾಸನಿಗೆ ಅಳೆಯುವನು. ಎರಡು ಕಡೆಯೂ ಉಳಿತಾಯವು ಮೇಲಿನವನದು, ಉಳಿದುದು ಕೆಳಗಿನವನದು. ಕಡುಬಡವಳಾಗಿದ್ದ ಲಕ್ಕಮ್ಮನಾದರೋ ಪರರ ಹೆಚ್ಚುವರಿಯನ್ನು ಒಲ್ಲೆನೆಂದು, ಮಿತವ್ಯಯಕ್ಕೆ ಅದುವರೆಗೆ ಇಲ್ಲದಿದ್ದ ಸ್ವಾಭಿಮಾನವನ್ನು ತಂದುಕೊಟ್ಟಳು. ಯಾವುದೇ ಮನೆಯ ಉಳಿತಾಯವನ್ನು ತೂಗುವಾಗ, ಉಳಿದುದು ಯಾರ ಕೈಗೆ ಯಾವ ಸ್ಥಿತಿಯಲ್ಲಿ ಹೋಗುವುದೆಂದು ಕೇಳುವುದನ್ನು ನಾವು ಆಕೆಯಿಂದ ಕಲಿಯಬೇಕಾಗಿರುವುದು.

ಗ್ರಂಥಗಳ ಮಾತು ಹೀಗಿರಲಿ. ನಮ್ಮ ಮನೆಗಳ ರೂಢಿಯಲ್ಲಿ ಆನಂದನು ಹೇಳಿದ ಅರಿವೆಯ ಅವಸ್ಥೆಗಳು ಬಹುಕಾಲ ಹಾಗೆಯೇ ನಡೆದುಬಂದುವು. ತಾಯಿಯ ಸೀರೆಯ ಸೆರಗು ಹರಿದರೆ ಗಟ್ಟಿಯಾದ ಭಾಗವು ಮಗಳ ಲಂಗವಾಗುತ್ತಿದ್ದಿತು. ಒಗೆದೊಗೆದು ಮೆತ್ತಗಾದ ಭಾಗವು ಬಾಣಂತಿಯ ಕೋಣೆಗೆ ಹೋಗುತ್ತಿದ್ದಿತು; ಎಳೆಯ ಮಗುವಿನ ಮೈಗೆ ಹೊಸ ಬಟ್ಟೆಯ ಒರಟು ಸಲ್ಲದೆಂಬುದು ಹಿರಿಯರ ಅನುಭವ. ಹಳೆಯ ಧೋತರವು ಜೇನು, ಎಣ್ಣೆ, ಕಷಾಯಗಳನ್ನು ಸೋಸುವ ಬಟ್ಟೆಯಾಗುತ್ತಿದ್ದಿತು. ಬಳಿಕ ಒಲೆಯ ಮೇಲಿನ ಪಾತ್ರೆಯನ್ನು ಇಳುಹುವ ಮಸಿಬಟ್ಟೆ, ಅನಂತರ ನೆಲವನ್ನು ಸಾರಿಸುವ ಬಟ್ಟೆ, ಕಡೆಗೆ ಉತ್ಸವದ ಪಂಜಿಗೆ ಸುತ್ತುವ ಚಿಂದಿ. ರೇಷ್ಮೆಯ ಸೀರೆಯಾದರೆ ಅದರ ಜರಿಯನ್ನು ಸುಟ್ಟು ಬೆಳ್ಳಿಯನ್ನು ತೆಗೆಯುತ್ತಿದ್ದರು. ಮಸಿಬಟ್ಟೆಯೆಂಬ ಶಬ್ದವೇ ನೋಡಿರಿ: ಅಂಗಡಿಯಲ್ಲಿ ಕೊಂಡುತರುವ ವಸ್ತುವಿಗೆ ಅದು ಹೆಸರಾಗಿರಲಿಲ್ಲ, ಬಟ್ಟೆಯೊಂದು ತನ್ನ ಬಾಳಿನಲ್ಲಿ ತಲಪಿದ ವಯಸ್ಸಿಗೆ ಹೆಸರಾಗಿದ್ದಿತು.

ಈ ಸಾಲಿನಲ್ಲಿ ಎಲ್ಲಕ್ಕಿಂತ ಸೊಗಸಾದ ಘಟ್ಟವು ಕೌದಿ. ಧಾರವಾಡ, ಬೆಳಗಾವಿ, ವಿಜಯಪುರದ ಸೀಮೆಗಳಲ್ಲಿ ಕೌದಿಯಿಲ್ಲದ ಮನೆಯೇ ಇರಲಿಲ್ಲವೆನ್ನಬಹುದು. ಹಳೆಯ ಸೀರೆ, ಧೋತರ, ಕುಪ್ಪಸಗಳ ತುಂಡುಗಳನ್ನು ಪದರಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ಚೌಕ ಮುಕ್ಕೋನಗಳನ್ನು ಜೋಡಿಸಿ, ಒತ್ತಾದ ಸಣ್ಣ ಹೊಲಿಗೆಯಿಂದ ಆದ್ಯಂತ ಹೊಲಿದರೆ ಚಳಿಗಾಲದ ಹೊದಿಕೆಯೂ ಆಯಿತು, ಬೇಸಗೆಯ ಹಾಸಿಗೆಯೂ ಆಯಿತು. ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳಗಳ ಕಡೆಯ ಸಿದ್ದಿ ಹೆಂಗಸರು ಅಂಚಿನಿಂದ ಆರಂಭಿಸಿ ಸುತ್ತಿ ಸುತ್ತಿ ನಡುವಿಗೆ ಬರುವಂತೆ ಹೊಲಿಯುವ ಕೌದಿಗಳು ಈಗ ದೇಶಾಂತರಗಳ ಕಲಾಪ್ರದರ್ಶನಗಳಲ್ಲಿಯೂ ಹೆಸರು ಪಡೆದಿವೆ. ವಂಗದೇಶದ ಕಾಂಥಾ, ಬಿಹಾರದ ಸುಜನಿಗಳು ಇದೇ ಕುಲಕ್ಕೆ ಸೇರಿದುವು. ಸತ್ತ ಅಜ್ಜಿಯ ಸೀರೆ, ಹುಟ್ಟಿದ ಮಗುವಿನ ಅಂಗಿ, ಮದುವೆಯಾಗಿ ಹೋದ ಮಗಳ ಲಂಗ ಒಂದೇ ಕೌದಿಯಲ್ಲಿ ಸೇರಿಕೊಂಡಾಗ ಅದು ಆ ಮನೆತನದ ವಂಶಾವಳಿಯೇ ಆಗುತ್ತಿದ್ದಿತು.

ಅರಿವೆಯ ಮರುಬಾಳಿಗೆ ಕೌದಿಯು ಸ್ತ್ರೀಯರ ಸಾಕ್ಷಿಯಾದರೆ ಕಡತವು ಪುರುಷರ ಸಾಕ್ಷಿ. ಇಂದು ಕಚೇರಿಯ ಕಾಗದದ ಕಟ್ಟನ್ನು ನಾವು ಕಡತವೆನ್ನುವೆವು. ಮೊದಲು ಈ ಶಬ್ದವು ಬಟ್ಟೆಯ ಪುಸ್ತಕಕ್ಕೆ ಸಲ್ಲುತ್ತಿದ್ದಿತು. ಮೈಸೂರಿನಲ್ಲಿ ರೆಸಿಡೆಂಟರಾಗಿದ್ದ ಕರ್ನಲ್ ವಿಲ್ಕ್ಸ್ ಎಂಬವರು ೧೮೧೦ರಲ್ಲಿ ಮೊದಲ ಸಂಪುಟವು ಪ್ರಕಟವಾದ ತಮ್ಮ ಚರಿತ್ರೆಯಲ್ಲಿ ಇದನ್ನು ವರ್ಣಿಸಿರುವರು. ಎಂಟರಿಂದ ಹನ್ನೆರಡು ಅಂಗುಲ ಅಗಲ, ಹನ್ನೆರಡರಿಂದ ಹದಿನೆಂಟು ಅಡಿ ಉದ್ದವಿರುವ ಹತ್ತಿಯ ಬಟ್ಟೆಯ ಎರಡು ಮೈಗೂ ಸರಿ ಮತ್ತು ಇದ್ದಲಿನ ಪುಡಿಯ ಲೇಪವನ್ನು ಹಚ್ಚಿ ಒಣಗಿಸಿ, ಕತ್ತರಿಸದೆ ಮಡಿಕೆಮಡಿಕೆಯಾಗಿ ಮಡಿಸಿ, ತುದಿಗಳಿಗೆ ಮರದ ಹಲಗೆಗಳನ್ನು ಕೂಡಿಸುತ್ತಿದ್ದರು. ಅದರ ಮೇಲೆ ಬಳಪದಿಂದ ಬರೆಯುವುದು. ಬೇಡವಾದ ಬರಹವನ್ನು ಒರೆಸಿ ಮತ್ತೆ ಬರೆಯಬಹುದು. ಬೇಕಾದುದನ್ನು ಕಾಪಾಡಿದರೆ ಬಹುಕಾಲ ಅಳಿಯದೆ ನಿಲ್ಲುವುದು. ಅಂಗಡಿಕಾರರ ಲೆಕ್ಕವೂ ಮಠಮಾನ್ಯಗಳ ದಫ್ತರವೂ ಇದರ ಮೇಲೆಯೇ ನಡೆಯುತ್ತಿದ್ದುವು. ಶೃಂಗೇರಿ ಮಠದ ಕಡತಗಳು ಚರಿತ್ರೆಕಾರರಿಗೆ ಅಮೂಲ್ಯವಾದ ಆಧಾರಗಳಾಗಿವೆ. ಆ ಲೇಪಕ್ಕೆ ಬೇಕಾದ ಸರಿಯನ್ನು ಹುಣಿಸೆಯ ಬೀಜದಿಂದ ಮಾಡುತ್ತಿದ್ದರು. ಅಡುಗೆಮನೆಯಲ್ಲಿ ಹುಳಿಯನ್ನು ಹಿಂಡಿ ಬಿಟ್ಟ ಬೀಜ, ಒಲೆಯಲ್ಲಿ ಉರಿದುಳಿದ ಇದ್ದಲು, ಇವೆರಡು ಸೇರಿ ನಾಡಿನ ಲೆಕ್ಕಪತ್ರಗಳನ್ನು ಹೊತ್ತುವು.

ಹುಣಿಸೆಯ ಬೀಜದ ಕೆಲಸವು ಅಲ್ಲಿಗೇ ಮುಗಿಯುತ್ತಿರಲಿಲ್ಲ. ಕುರುಬರು ನೇಯುವ ಕಂಬಳಿಗೆ ಬಿಗಿಯನ್ನು ಕೊಡುವುದೂ ಅದರ ಸರಿಯೇ. ಬೀಜವನ್ನು ಇಬ್ಭಾಗಮಾಡಿದರೆ ಮಕ್ಕಳ ಚೌಕಾಬಾರದ ದಾಳವಾಗುವುದೂ ಅದೇ. ಅಡುಗೆಮನೆಯ ಇತರ ಪದಾರ್ಥಗಳ ಮಾತೂ ಹೀಗೆಯೇ. ಅಕ್ಕಿ ತೊಳೆದ ನೀರು ಕಲಗಚ್ಚಿನ ಬಾನಿಗೆ ಬಿದ್ದು ಹಸುವಿನ ಹೊಟ್ಟೆಯನ್ನು ಸೇರಿ ಹಾಲಾಗುತ್ತಿದ್ದಿತು. ಬಸಿದ ಗಂಜಿಯು ಬಟ್ಟೆಗೆ ಬಿಗಿಯಾಗುತ್ತಿದ್ದಿತು. ಬೂದಿಯು ಪಾತ್ರೆಯನ್ನು ಬೆಳಗಿ, ಕಾಳಿಗೆ ಹುಳು ಬೀಳದಂತೆ ಕಾದು, ಉಳಿದುದು ತಿಪ್ಪೆಯ ಮೂಲಕ ಹೊಲಕ್ಕೆ ಹೋಗುತ್ತಿದ್ದಿತು. ತೆಂಗಿನ ಚಿಪ್ಪು ಸೌಟಾಗಿ, ನಾರು ಹಗ್ಗವಾಗಿ, ಗರಿಯ ಕಡ್ಡಿ ಪೊರಕೆಯಾಗಿ, ಸೋಗೆ ಚಪ್ಪರವಾಗಿ ನಿಲ್ಲುತ್ತಿದ್ದಿತು. ಮಲೆನಾಡು ಕರಾವಳಿಗಳಲ್ಲಿ ಉದುರಿದ ಅಡಕೆಯ ಹಾಳೆಯು ಕೆಲಸಗಾರನ ತಲೆಗೆ ಟೊಪ್ಪಿಗೆಯಾಗುತ್ತಿದ್ದಿತು. ತಾಮ್ರದ ಪಾತ್ರೆಗೆ ಕಾಲಕಾಲಕ್ಕೆ ಕಲಾಯಿ ಹಾಕಿಸಿ ಮೂರು ತಲೆಮಾರು ಬಾಳಿಸುತ್ತಿದ್ದರು. ಒಡೆದ ಮಡಕೆಯ ಓಡು ಕಾಳು ಹುರಿಯುವುದಕ್ಕೂ, ಅದರ ಚೂರಾದ ಬೋಕಿಯು ಮಕ್ಕಳ ಆಟಕ್ಕೂ ಒದಗುತ್ತಿದ್ದುವು.

ಇಷ್ಟನ್ನು ಕೇಳಿ, ಹಿಂದಿನ ಕಾಲವೆಲ್ಲ ಸುವರ್ಣಯುಗವೆಂದು ಭಾವಿಸುವುದು ಸರಿಯಲ್ಲ. ಮನೆಯ ಮಿತವ್ಯಯಕ್ಕೆ ಒಂದು ಮೇರೆಯುಂಟು. ಅದನ್ನು ನಮ್ಮ ನಾಡು ೧೮೭೬-೭೮ರ ಧಾತು ಈಶ್ವರ ಸಂವತ್ಸರಗಳ ಕ್ಷಾಮದಲ್ಲಿ ಕಂಡಿತು. ರಾಗಿಯು ವರ್ಷಗಟ್ಟಲೆ ಕೆಡದೆ ಉಳಿಯುವ ಧಾನ್ಯ. ನೆಲದಲ್ಲಿ ತೋಡಿದ ಹಗೇವುಗಳಲ್ಲಿ ಅದನ್ನು ತುಂಬಿಡುವುದು ಬಯಲುಸೀಮೆಯ ಒಕ್ಕಲಿಗನ ಉಳಿತಾಯದ ಮಾರ್ಗವಾಗಿದ್ದಿತು. ಕೌಟಿಲ್ಯನು ಆಪತ್ತಿಗೆಂದು ಅರ್ಧವನ್ನಿಡಹೇಳಿದುದನ್ನು ಓದದೆಯೇ ರೈತನು ಅದನ್ನು ನಡೆಸಿದ್ದನು. ಆದರೆ ೧೮೭೫ರಲ್ಲಿ ಮಳೆ ಕಡಿಮೆಯಾಗಿ, ೧೮೭೬ರಲ್ಲಿ ಪೂರ್ತಿಯಾಗಿ ತಪ್ಪಿದಾಗ ಹಗೇವುಗಳು ಬರಿದಾದುವು. ೧೮೭೧ರ ಜನಗಣತಿಯಲ್ಲಿ ೫೦,೫೫,೪೧೨ ಇದ್ದ ಮೈಸೂರು ಸಂಸ್ಥಾನದ ಜನಸಂಖ್ಯೆಯು ೧೮೮೧ರಲ್ಲಿ ೪೧,೮೬,೧೮೮ಕ್ಕೆ ಇಳಿಯಿತು. ಸತ್ತವರು ದುಂದುಗಾರರಾಗಿದ್ದರೆಂದು ಯಾರು ಹೇಳಬಲ್ಲರು? ಉಳಿಸುವುದಕ್ಕೆ ಮೊದಲು ಕೈಯಲ್ಲಿ ಏನಾದರೂ ಇರಬೇಕು. ಹೊಟ್ಟೆಗಿಲ್ಲದವನಿಗೆ ಮಿತವ್ಯಯವನ್ನು ಬೋಧಿಸುವುದು ಉಪದೇಶವಾಗದು, ಪರಿಹಾಸ್ಯವಾದೀತು. ನಾಡಿನ ಉಗ್ರಾಣವನ್ನು ತುಂಬುವುದು ರಾಜ್ಯದ ಕರ್ತವ್ಯ. ಮನೆಯ ಉಗ್ರಾಣವು ಅದಕ್ಕೆ ಬದಲಾಗಲಾರದು.

ಆ ಶತಮಾನದ ಕೊನೆಯ ಭಾಗದಲ್ಲಿ ಇನ್ನೊಂದು ಮಾರ್ಪಾಟು ಬಂದಿತು. ಪರದೇಶದ ಗಿರಣಿಗಳ ಬಟ್ಟೆಯು ಮೊದಲೇ ಸಂತೆಗಳಲ್ಲಿ ತುಂಬಿದ್ದಿತು. ನಮ್ಮಲ್ಲಿಯೂ ಗಿರಣಿಗಳು ಎದ್ದುವು. ಗೋಕಾಕದಲ್ಲಿ ಘಟಪ್ರಭೆಯ ನೀರಿನ ಬಲದಿಂದ ನಡೆಯುವ ನೂಲಿನ ಗಿರಣಿಯು ೧೮೮೭ರಲ್ಲಿ ಕೆಲಸವನ್ನಾರಂಭಿಸಿತು. ಬಟ್ಟೆಯು ಅಗ್ಗವಾದಂತೆ ಅದರ ಅವಸ್ಥೆಗಳೂ ಮೆಲ್ಲಮೆಲ್ಲಗೆ ಕಡಿಮೆಯಾದುವು. ಆದರೂ ಹಳೆಯ ಬುದ್ಧಿಯು ಹೊಸ ವಸ್ತುಗಳನ್ನೂ ಬಿಡಲಿಲ್ಲವೆಂಬುದು ಸ್ವಾರಸ್ಯವಾದ ಸಂಗತಿ. ಸೀಮೆಎಣ್ಣೆಯು ಬಂದ ನಾಲ್ಕು ಗ್ಯಾಲನ್ ಡಬ್ಬವು ಮೇಲುಬಾಯಿ ತೆರೆದರೆ ಬೇಳೆಕಾಳಿನ ಭದ್ರವಾದ ಪೆಟ್ಟಿಗೆ, ಅಡ್ಡ ಹಿಡಿಯನ್ನು ಹೊಂದಿಸಿದರೆ ನೀರು ಹೊರುವ ಕೊಡ, ತುಕ್ಕು ಹಿಡಿದು ಹಾಸಿ 
ಬಡಿದರೆ ಸೂರಿನ ತಗಡು. ಮಸಿಯ ಸೀಸೆಗೆ ಬತ್ತಿಯನ್ನು ತೂರಿಸಿದರೆ ವಿದ್ಯಾರ್ಥಿಯ ಬುಡ್ಡಿದೀಪ. ವೃತ್ತಪತ್ರಿಕೆಯು ಓದಿದ ಮೇಲೆ ದಿನಸಿಯ ಪೊಟ್ಟಣವಾಗಿ ಅದೇ ಮನೆಗೆ ಮರಳಿಬರುತ್ತಿದ್ದಿತು. ಪೊಟ್ಟಣದ ದಾರವನ್ನು ಬಿಚ್ಚಿ ಉಂಡೆಗೆ ಸುತ್ತುವುದು ಮಕ್ಕಳ ಕೆಲಸ. ಬಂದ ಲಕೋಟೆಗಳನ್ನು ಬಿಡಿಸಿ ಒಳಮೈಯಲ್ಲಿ ಬರೆಯುತ್ತಿದ್ದ ಗಾಂಧೀಜಿಯವರು ಈ ಹಳೆಯ ರೂಢಿಗೆ ದೇಶವ್ಯಾಪಕವಾದ ಗೌರವವನ್ನು ತಂದರು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಈ ಪಾಠವನ್ನು ಸಂಪನ್ನವಾದ ದೇಶಗಳೂ ಮತ್ತೆ ಕಲಿಯಬೇಕಾಯಿತು. ಇಂಗ್ಲೆಂಡಿನಲ್ಲಿ ೧೯೪೧ರ ಜೂನ್ ೧ರಿಂದ ಉಡುಪಿಗೂ ಪಡಿತರದ ಕಟ್ಟು ಬಂದಿತು. ಮೊದಲ ವರ್ಷಕ್ಕೆ ತಲೆಗೆ ೬೬ ಕೂಪನುಗಳು. ಹಳೆಯ ಬಟ್ಟೆಯನ್ನು ರಿಪೇರಿಮಾಡಿ ಬಾಳಿಸುವ ಬಗೆಯನ್ನು ತಿಳಿಸಲು ‘ಮೇಕ್ ಡೂ ಅಂಡ್ ಮೆಂಡ್’ ಎಂಬ ಕಿರುಹೊತ್ತಗೆಯನ್ನು ೧೯೪೩ರಲ್ಲಿ ಅಲ್ಲಿನ ಸರ್ಕಾರವೇ ಅಚ್ಚುಹಾಕಿಸಿತು. ಉಡುಪಿನ ಪಡಿತರವು ಅಲ್ಲಿ ಕೊನೆಗಂಡುದು ೧೯೪೯ರಲ್ಲಿ. ಭಾರತದಲ್ಲಿಯೂ ೧೯೪೩ರಲ್ಲಿ ಹತ್ತಿಬಟ್ಟೆ ಮತ್ತು ನೂಲಿನ ಮೇಲೆ ನಿಯಂತ್ರಣಾಜ್ಞೆ ಹೊರಟಿತು. ನಮ್ಮ ಗೃಹಿಣಿಯರಿಗೆ ಮಾತ್ರ ಅಂಥ ಹೊತ್ತಗೆಯ ಅವಶ್ಯಕತೆ ಅಷ್ಟಾಗಿರಲಿಲ್ಲ. ಆ ವಿದ್ಯೆ ಅವರ ಬೆರಳ ತುದಿಯಲ್ಲಿದ್ದಿತು.

ಬೆರಳ ತುದಿಯೆಂಬ ಮಾತಿನಲ್ಲಿಯೇ ಈ ಚರಿತ್ರೆಯ ಮರೆಯಾದ ಭಾಗವಿರುವುದು. ಒಂದು ಕೌದಿಯನ್ನು ಹೊಲಿಯಲು ವಾರಗಟ್ಟಲೆ ಹಿಡಿಯುವುದು. ನುಚ್ಚು ತೌಡುಗಳನ್ನು ಬೇರ್ಪಡಿಸಲು ಮೊರವನ್ನು ಹಿಡಿದು ಗಂಟೆಗಟ್ಟಲೆ ಕೇರಬೇಕು. ಬೂದಿಯಿಂದ ಬೆಳಗುವ ಕೈ ಒಡೆಯುವುದು. ಮನೆಯ ಖರ್ಚಿನ ಪುಸ್ತಕದಲ್ಲಿ ಉಳಿದ ಹಣವು ಜಮೆಯಾಗುತ್ತಿದ್ದಿತು. ಉಳಿಸಿದ ದುಡಿಮೆಗೆ ಯಾವ ಪುಟದಲ್ಲಿಯೂ ಕಲಮು ಇರಲಿಲ್ಲ. ಹೆಂಗಸರು ಹೊಲದ ಕೆಲಸ, ಒಲೆಯ ಕೆಲಸಗಳನ್ನು ಮುಗಿಸಿದ ಮೇಲೆ ದೊರೆತ ಬಿಡುವನ್ನು ಸವೆಸಿ ಮಿತವ್ಯಯವೆಂಬ ಕೀರ್ತಿಯನ್ನು ಮನೆತನಕ್ಕೆ ಗಳಿಸಿಕೊಟ್ಟರು. ಇಂದು ಹೆಣ್ಣುಮಕ್ಕಳು ಓದುವರು, ಹೊರಗೆ ದುಡಿಯುವರು. ಅಜ್ಜಿಯು ಮಾಡುತ್ತಿದ್ದುದನ್ನು ಮೊಮ್ಮಗಳು ಏಕೆ ಮಾಡುವುದಿಲ್ಲವೆಂದು ಕೇಳುವ ಗೃಹಸ್ಥನು, ಮೊದಲು ಸೂಜಿಯನ್ನು ತಾನೇ ಹಿಡಿದು ತನ್ನ ಅಂಗಿಯ ಗುಂಡಿಯನ್ನು ಹೊಲಿದುಕೊಳ್ಳಲಿ.

ಹಾಗೆಂದು ಈ ವಿದ್ಯೆಯನ್ನು ಕೈಬಿಡಲೂ ನಮಗೆ ಸಾಧ್ಯವಿಲ್ಲ. ಆನಂದನ ಅರಿವೆಯು ಕೊನೆಗೆ ಮಣ್ಣಿನಲ್ಲಿ ಬೆರೆಯುತ್ತಿದ್ದಿತು. ಈಗ ನಾವು ಒಂದು ಗಳಿಗೆ ಬಳಸಿ ಬಿಸುಡುವ ಪ್ಲಾಸ್ಟಿಕ್ಕಿಗೆ ಮರುಬಾಳೂ ಇಲ್ಲ, ಮಣ್ಣಾಗುವ ಭಾಗ್ಯವೂ ಇಲ್ಲ. ಕರ್ನಾಟಕ ಸರ್ಕಾರವು ೨೦೧೬ರಲ್ಲಿ ಪ್ಲಾಸ್ಟಿಕ್ ಚೀಲಗಳನ್ನೂ, ಕೇಂದ್ರ ಸರ್ಕಾರವು ೨೦೨೨ರ ಜುಲೈ ೧ರಿಂದ ಒಂದೇ ಬಾರಿ ಬಳಸುವ ಹಲವು ಪ್ಲಾಸ್ಟಿಕ್ ವಸ್ತುಗಳನ್ನೂ ನಿಷೇಧಿಸಿದುವು. ಆಜ್ಞೆಗಳು ಆಗತಕ್ಕುವೇ, ಆದರೆ ಬಟ್ಟೆಯ ಕೈಚೀಲವನ್ನು ಮನೆಯಿಂದ ಹೊರಡುವಾಗಲೇ ಹಿಡಿದುಕೊಳ್ಳುವ ರೂಢಿಯನ್ನು ಆಜ್ಞೆಯೊಂದೇ ತರಲಾರದು.

ಆದಕಾರಣ ಹಳೆಯ ಮನೆವಾರ್ತೆಯಿಂದ ಆರಿಸಿಕೊಳ್ಳತಕ್ಕುದನ್ನು ವಿವೇಕದಿಂದ ಆರಿಸಿಕೊಳ್ಳೋಣ. ವರ್ಷದ ಆದಾಯವನ್ನು ಎಣಿಸಿ ವೆಚ್ಚವನ್ನು ಗೊತ್ತುಮಾಡುವ ವಾತ್ಸ್ಯಾಯನನ ವಿಧಿಯು ತಿಂಗಳ ಸಂಬಳದ ಮನೆಗೂ ಸಲ್ಲುವುದು. ಹಳೆಯದನ್ನು ಮೊದಲು ಬಳಸಿ ಹೊಸದನ್ನು ಹಿಂದಿಡುವ ಕೌಟಿಲ್ಯನ ಕ್ರಮದಿಂದ ಹಿಟ್ಟುಬೇಳೆಗಳು ಹುಳುಹಿಡಿಯದೆ ಉಳಿಯುವುವು. ಹಳೆಯ ಸೀರೆಯು ಕೈಚೀಲ, ದಿಂಬಿನ ಗವಸು, ಒರಸುಬಟ್ಟೆಗಳಾಗಲಿ. ತರಕಾರಿಯ ಸಿಪ್ಪೆ ಕುಂಡದ ಗೊಬ್ಬರವಾಗಲಿ. ಕಾಗದದ ಬರಿಯ ಮಗ್ಗುಲು ಮಕ್ಕಳ ಲೆಕ್ಕಕ್ಕೆ ಒದಗಲಿ. ಆ ಕೆಲಸವನ್ನು ಮನೆಯ ಗಂಡಸರೂ ಮಕ್ಕಳೂ ಸಮನಾಗಿ ಹಂಚಿಕೊಳ್ಳಲಿ. ಇನ್ನೊಬ್ಬರಿಗೆ ಕೊಡಬೇಕಾದುದನ್ನು ಅದು ಚಿಂದಿಯಾಗುವವರೆಗೆ ಕಾಯದೆ, ಒಗೆದು ಹೊಲಿದು, ತಾವೇ ಉಡಲು ನಾಚದಂಥ ಸ್ಥಿತಿಯಲ್ಲಿರುವಾಗಲೇ ಕೊಡುವುದು ಲೇಸು. ಕೂಡಿಡುವ ಕೈ ತನಗೆ ಬೇಕಾದ ಅಳತೆಯನ್ನು ಮೀರಿದಾಗ, ಹೆಚ್ಚಿದ ಅಕ್ಕಿಯನ್ನು ಹಿಂದಿರುಗಿಸಿದ ಕಲ್ಯಾಣದ ಆ ಬಡ ಗೃಹಿಣಿಯನ್ನು ನಮ್ಮ ಮನೆಗಳಲ್ಲಿ ಯಾರಾದರೂ ಒಬ್ಬರು ನೆನೆದರೂ ಸಾಕು.